ಹದಿನೇಳರ ಪಾನಾ

ಕಾರಿನ ಆಯಿಲ್ ಮನೆಯಲ್ಲೇ ಬದಲಿಸಿದರೆ ದುಡ್ಡು ಉಳಿಯುತ್ತದೆ ಎನ್ನುವವರಲ್ಲಿ ಅರ್ಧ ಮಂದಿ ಪಾನಾ ಮಾರುವವರು. ಇನ್ನರ್ಧ ಮಂದಿ ಪಾನಾ ಕೊಳ್ಳಲು ನೆಪ ಹುಡುಕುತ್ತಿರುವವರು. ನಾನು ಎರಡನೆಯ ಪೈಕಿ. ಬೆಂಗಳೂರಿನವರು ಸ್ಪ್ಯಾನರ್ ಅಂದು ಕೈಬಿಡುವ ವಸ್ತುವನ್ನು ನಾವು ಪಾನಾ ಅಂದು ಕೈಗೆತ್ತಿಕೊಳ್ಳುತ್ತೇವೆ. ಎತ್ತಿಕೊಂಡ ಮೇಲೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ನನ್ನಿಂದಾಗದ ಮಾತು.

ಕೆಲಸವೇನೋ ಸಣ್ಣದು. ಗಾಡಿಯ ಹೊಟ್ಟೆಯ ಅಡಿಯಲ್ಲಿ ಒಂದು ಬೋಲ್ಟು. ಮಿಸ್ತ್ರಿಗಳು ಅದಕ್ಕೆ ಚೇಂಬರ್ ಬೋಲ್ಟ್ ಅನ್ನುತ್ತಾರೆ. ಬಿಚ್ಚಿದರೆ ಹಳೆ ಆಯಿಲ್ ಇಳಿಯುತ್ತದೆ. ಮಗ್ಗುಲಿಗೆ ಮುಷ್ಟಿ ಗಾತ್ರದ ಫಿಲ್ಟರ್, ತಿರುವಿದರೆ ಬರುತ್ತದೆ. ಹೊಸ ಫಿಲ್ಟರ್ ಕೂರಿಸಿ, ಬೋಲ್ಟ್ ಬಿಗಿದು, ಮೇಲಿನಿಂದ ಸುಮಾರು ಮೂರು ಲೀಟರ್ ಹೊಸ ಆಯಿಲ್ ಸುರಿದರೆ ಆಯಿತು. ಸಣ್ಣ ಪೆಟ್ರೋಲ್ ಗಾಡಿಗಳಿಗೆ ಸಾಮಾನ್ಯವಾಗಿ 10,000 ಕಿಲೋಮೀಟರಿಗೊಮ್ಮೆ, ಇಲ್ಲವೆ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ನಮ್ಮ ಮಾರುತಿಗೆ ವರ್ಷವೇ ಮೊದಲು ಬರುತ್ತದೆ. ಧಾರವಾಡದಲ್ಲಿ ಹತ್ತು ಸಾವಿರ ಕಿಲೋಮೀಟರ್ ಓಡಾಡುವಷ್ಟು ಅವಸರದ ಕೆಲಸ ಯಾರಿಗೂ ಇರುವುದಿಲ್ಲ. ಇದಿಷ್ಟಕ್ಕೆ ಗ್ಯಾರೇಜಿನಲ್ಲಿ ತೆಗೆದುಕೊಳ್ಳುವ ಮಜೂರಿ ಹೆಚ್ಚೆಂದರೆ ಒಂದು ಕಿಲೋ ಪೇಢೆಯ ದುಡ್ಡು. ವರ್ಷಕ್ಕೆ ಒಂದು ಕಿಲೋ ಪೇಢೆ ಉಳಿತಾಯ ಎಂದು ನಾನು ಮನೆಯಲ್ಲಿ ಬಜೆಟ್ ಮಂಡಿಸಿದೆ.

ಹುಬ್ಬಳ್ಳಿ-ಧಾರವಾಡ 1962ರಲ್ಲೇ ಒಂದೇ ಮಹಾನಗರ ಪಾಲಿಕೆಯ ಅಡಿಗೆ ಬಂದವು. ಆದರೆ ಸಾಮಾನು ಕೊಳ್ಳುವ ಮಾತು ಬಂತೆಂದರೆ ಎರಡು ಊರಿನ ರೀತಿಯೇ ಬೇರೆ. ಹುಬ್ಬಳ್ಳಿಯಲ್ಲಿ ಸಾಮಾನು ಸಿಗುತ್ತದೆ. ಧಾರವಾಡದಲ್ಲಿ ಆ ಸಾಮಾನು ಬೇಕೋ ಬೇಡವೋ ಎಂಬ ಚರ್ಚೆ ಸಿಗುತ್ತದೆ. ಚರ್ಚೆಗೆ ದುಡ್ಡಿಲ್ಲ, ಹಾಗಾಗಿ ಮೊದಲು ಅದನ್ನೇ ಮುಗಿಸಿಕೊಳ್ಳುವುದು ಪದ್ಧತಿ.

ನಮ್ಮ ಓಣಿಯಲ್ಲಿ ಫಿಜಿಕ್ಸ್ ಕಲಿಸಿ ನಿವೃತ್ತರಾದ ಸರ್ ಒಬ್ಬರಿದ್ದಾರೆ. ಕಾಂಪೌಂಡಿನ ಆಚೆಯಿಂದಲೇ ಕ್ಲಾಸು ಸುರುಮಾಡಿದರು. "ನಿಮಗ ಬೇಕಾಗಿದ್ದು ಪಾನಾ ಅಲ್ಲ, ಟಾರ್ಕ್. ಬೋಲ್ಟ್ ಎಷ್ಟು ಬಿಗೀಬೇಕು ಅನ್ನೋದಕ್ಕ ಒಂದು ಲೆಕ್ಕ ಅದ. ಸಣ್ಣ ಗಾಡಿಗೆ ಮೂವತ್ತರಿಂದ ನಲವತ್ತು ನ್ಯೂಟನ್ ಮೀಟರ್. ಅಂದ್ರ ಒಂದು ಅಡಿ ಉದ್ದದ ಹಿಡಿಕಿ ತುದೀಗೆ ಹತ್ತು ಹನ್ನೆರಡು ಕಿಲೋ ಭಾರ. ಟಾರ್ಕ್ ರೆಂಚ್ ತಗೋರಿ, ಅದು ಕಟ್ ಅಂತದ, ಅಲ್ಲಿಗೆ ನಿಲ್ಲಸರಿ." ಬ್ಯಾಂಕಿನಿಂದ ನಿವೃತ್ತರಾದವರು ಪೇಪರಿನಿಂದ ತಲೆ ಎತ್ತದೆ, "ಸರ್ವಿಸ್ ಮಾಡಿಸಿದ ಬಿಲ್ ಇರಲಿಲ್ಲಂದ್ರ ನಾಳೆ ಗಾಡಿ ಮಾರೂ ಮುಂದ ಗಿರಾಕಿ ಕೇಳ್ತಾನ್ರಿ" ಅಂದರು. ಮೂರನೆಯವರು ಕವಿಗಳು. ನಮ್ಮ ಓಣಿಯಲ್ಲಿ ಮೂರನೆಯವರು ಯಾವಾಗಲೂ ಕವಿಗಳೇ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಳೇ ಆಯಿಲ್ ತಪ್ಪೇನು ಮಾಡೇದ?" ಎಂದು ಕೇಳಿದರು.

ಪ್ರಶ್ನೆ ನಿಜಕ್ಕೂ ಒಳ್ಳೆಯದು. ತಪ್ಪೇನೂ ಮಾಡಿಲ್ಲ, ಮಾಡಿದ್ದೆಲ್ಲ ಕೆಲಸವೇ. ಎಂಜಿನ್ನಿನ ಕಾವು, ಮಸಿ, ಕಣ್ಣಿಗೆ ಕಾಣದ ಲೋಹದ ಪುಡಿ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು, ತನ್ನೊಳಗೆ ಬೆರೆಸಿದ್ದ ರಾಸಾಯನಿಕಗಳನ್ನು ಖರ್ಚು ಮಾಡಿಕೊಂಡು, ಕಪ್ಪಾಗಿ ಕೂತಿರುತ್ತದೆ. ಇಷ್ಟು ವಿವರಿಸುವಷ್ಟರಲ್ಲಿ ಕವಿಗಳ ಕಣ್ಣು ತೇವವಾದದ್ದು ಕಂಡು ನಾನು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೊರಟೆ. ಕಾರು ಮನೆಯಲ್ಲೇ ಇತ್ತು. ಕಾರಿನ ಸಾಮಾನು ತರಲು ದುರ್ಗದಬೈಲಿನ ಕಡೆಗೆ ಕಾರು ಒಯ್ಯುವವನಿಗೆ ಅದನ್ನು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಇನ್ನೊಂದು ಆಯಿಲ್ ಚೇಂಜಿನ ಹೊತ್ತಾಗುತ್ತದೆ.

ಹುಬ್ಬಳ್ಳಿಯ ಅಂಗಡಿಯವರಿಗೆ ಚರ್ಚೆ ಸೇರುವುದಿಲ್ಲ.

"ಗಾಡಿ ಯಾವ್ದ್ರಿ?"

"ಮಾರುತಿ."

"ಬೋಲ್ಟ್ ಹದಿನೇಳರದು?"

"ಹೌದು."

"ಫಿಕ್ಸ್ ಬೇಕೋ, ರಿಂಗ್ ಬೇಕೋ, ಗೋಟಿ ಬೇಕೋ?"

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಮೂರರ ನಡುವೆಯೇ ಎಲ್ಲ ಇದೆ. ಫಿಕ್ಸ್ ಪಾನಾದ್ದು ತೆರೆದ ಬಾಯಿ. ಬೋಲ್ಟಿನ ಆರು ಮಗ್ಗುಲಲ್ಲಿ ಎರಡನ್ನಷ್ಟೇ ಹಿಡಿಯುತ್ತದೆ. ಬಿಗಿದು ಕೂತ ಬೋಲ್ಟಿಗೆ ಜೋರು ಹಾಕಿದರೆ ಜಾರುತ್ತದೆ. ಮೂಲೆ ಸವೆದು ಬೋಲ್ಟಿನ ತಲೆ ಗುಂಡಗಾಗುತ್ತದೆ. ತಲೆ ಗುಂಡಗಾದ ಬೋಲ್ಟನ್ನು ಬಿಚ್ಚುವುದಕ್ಕೆ ಪಾನಾ ಅಲ್ಲ, ಹರಕೆ ಬೇಕು. ರಿಂಗ್ ಪಾನಾ ಸುತ್ತಲೂ ತಬ್ಬಿಕೊಳ್ಳುತ್ತದೆ, ಆರೂ ಮೂಲೆಗೆ ಭಾರ ಹಂಚಿಕೊಡುತ್ತದೆ. ಅದರ ಕುತ್ತಿಗೆ ಬಾಗಿರುವುದರಿಂದ ಬೆರಳ ಗೆಣ್ಣು ಚೇಂಬರಿಗೆ ತಾಗಿ ತರಚುವುದಿಲ್ಲ. ಗೋಟಿ ಪಾನಾ ಇನ್ನೂ ಗಟ್ಟಿ ಹಿಡಿತದ್ದು, ಅದರಲ್ಲೂ ಒಳಗೆ ಆರೇ ಮೂಲೆಯಿದ್ದರೆ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ, ಬೇಗ ಜಾರುತ್ತದೆ.

ಗೋಟಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಇಬ್ಬಗೆಯ ಸ್ವಭಾವ. ಬೋಲ್ಟ್ ಹಿಡಿಯುವ ಬಾಯಿಯ ಅಳತೆ ಮಿಲಿಮೀಟರಿನಲ್ಲಿ. ಹಿಡಿಕೆ ಸಿಕ್ಕಿಸುವ ಬೆನ್ನಿನ ಚೌಕ ಮಾತ್ರ ಅರ್ಧ ಇಂಚು. ಜಗತ್ತು ಮೆಟ್ರಿಕ್ ಆಗಿ ಎಷ್ಟೋ ಕಾಲವಾದರೂ ಈ ಚೌಕ ಕೇಳಿಲ್ಲ. ನಿವೃತ್ತಿಯಾದರೂ ಇನ್ನೂ ಆಣೆ-ಪೈಯಲ್ಲೇ ಯೋಚಿಸುತ್ತಿದ್ದ ನಮ್ಮ ದೊಡ್ಡಪ್ಪನ ನೆನಪಾಗಿ ಅದರ ಮೇಲೆ ಗೌರವ ಮೂಡಿತು.

"ಒಂದ ರಿಂಗ್ ಪಾನಾ ಸಾಕಲ್ರಿ?" ಎಂದು ಕೇಳಿದೆ. ಹುಬ್ಬಳ್ಳಿಯ ವ್ಯಾಪಾರಿ ಸುಳ್ಳು ಹೇಳುವುದಿಲ್ಲ. "ಸಾಕ್ರಿ" ಅಂದ. ಅಂದು, ಗಲ್ಲೆಯ ಅಡಿಯಿಂದ ಒಂದು ಕರಿ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟು ಎರಡೂ ಚಿಲಕ ಸರಿಸಿದ. ಮುಚ್ಚಳ ಎದ್ದಿತು. ಒಳಗೆ ಒಂದೊಂದಕ್ಕೂ ಅದರದೇ ಅಚ್ಚಿನ ಗುಳಿ. ನಾಲ್ಕರ ಗೋಟಿಯಿಂದ ಮೂವತ್ತೆರಡರ ಗೋಟಿಯವರೆಗೆ ಎತ್ತರದ ಪ್ರಕಾರ ಸಾಲು. ನಡುವೆ ಟಿಕ್ ಟಿಕ್ ಅನ್ನುವ ರಾಚೆಟ್ ಹಿಡಿಕೆ. ಎಲ್ಲದರ ಮೇಲೂ ಕ್ರೋಮ್ ವೆನೇಡಿಯಂ ಎಂಬ ಮುದ್ರೆ, ಎಲ್ಲದರ ಮೇಲೂ ಟ್ಯೂಬ್‌ಲೈಟಿನ ಬೆಳಕು.

"ಎಷ್ಟು ಪೀಸ್ರಿ?"

"ನೂರಾ ಎಂಟು."

ಅಷ್ಟೋತ್ತರ! ಇನ್ನು ಬೇಡ ಅನ್ನುವುದು ಶಾಸ್ತ್ರಕ್ಕೆ ವಿರುದ್ಧ. ನೂರಾ ಎಂಟರಲ್ಲಿ ನನಗೆ ಬೇಕಾದದ್ದು ಒಂದು. ಉಳಿದ ನೂರಾ ಏಳು ಅದಕ್ಕೆ ಸಾಥ್ ಕೊಡುವುದಕ್ಕೆ. ಹತ್ತು ಕಿಲೋ ಪೇಢೆ ಅಲ್ಲಿ ಕರಗಿತು. ರಿಂಗ್ ಪಾನಾವನ್ನೂ ತೆಗೆದುಕೊಂಡೆ, ಕೇಳಿದ್ದು ಅದನ್ನೇ ಅಲ್ಲವೆ?

ಆಮೇಲೆ ಫಿಲ್ಟರ್ ಬಿಚ್ಚುವ ಸಾಧನ. ಫಿಲ್ಟರನ್ನು ಕೂರಿಸುವುದು ಕೈಯಿಂದಲೇ: ರಬ್ಬರ್ ರಿಂಗಿಗೆ ಒಂದು ಬೆರಳು ಹೊಸ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ತಿರುವಿದರೆ ಮುಗಿಯಿತು. ಆದರೆ ಗ್ಯಾರೇಜಿನ ಹುಡುಗರು ಆ ಮುಕ್ಕಾಲು ಸುತ್ತಿಗೆ ತಮ್ಮ ಪ್ರಾಯವನ್ನೂ ಸೇರಿಸಿರುತ್ತಾರೆ. ಅದನ್ನು ಬಿಚ್ಚಲು ಬೆಲ್ಟಿನದು, ಚೈನಿನದು, ಮೂರು ಕಾಲಿನದು, ಟೊಪ್ಪಿಗೆಯಂತೆ ಕೂರುವುದು ಎಂದು ನಾಲ್ಕು ನಮೂನೆಯ ರೆಂಚುಗಳಿವೆ. ಟೊಪ್ಪಿಗೆಯದು ಅಳತೆ ಸರಿಹೋದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮೂರು ಕಾಲಿನದು ಯಾರ ತಲೆಯನ್ನಾದರೂ ಹಿಡಿಯುತ್ತದೆ. ಮೂರು ಕಾಲಿನದು ತಂದೆ. ನಾಲ್ಕನೆಯ ತರಗತಿ ಓದುವ ಮಗಳು ಒಂದು ತುಂಡು ಉಸುಕಿನ ಕಾಗದವನ್ನು ಒಳಮುಖವಾಗಿ ಫಿಲ್ಟರಿಗೆ ಸುತ್ತಿ ತಿರುವಿದರೂ ಬರುತ್ತದೆ ಎಂದು ಮೊಬೈಲಿನಲ್ಲಿ ತೋರಿಸಿದಳು. ಬರುತ್ತದೆ. ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಜಾಕಿನ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಗಾಡಿಯ ಜೊತೆ ಬರುವ ಜಾಕ್ ಇರುವುದು ಟೈರ್ ಬದಲಿಸಲಿಕ್ಕೆ. ಅದರ ಭರವಸೆಯ ಮೇಲೆ ಗಾಡಿಯ ಅಡಿಗೆ ಯಾರೂ ಹೋಗಬಾರದು. ಅದರಲ್ಲೂ ನಮ್ಮ ಕಡೆಯ ಎರಿಮಣ್ಣು ಮಳೆ ಬಿದ್ದರೆ ಜಾಕನ್ನು ತಳಸಮೇತ ನುಂಗುತ್ತದೆ. ಗಟ್ಟಿ ನೆಲ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು, ಹ್ಯಾಂಡ್‌ಬ್ರೇಕ್, ಮುಂದೆ ಎತ್ತಿ ಎರಡು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. "ಎತ್ತದ ಹೋದರ ನಡಿಯೂದುಲ್ಲೇನು?" ಎಂದು ಮನೆಯವಳು ಕೇಳಿದಳು. ಇಂಥ ಸಣ್ಣ ಗಾಡಿಯ ಅಡಿಗೂ ನೆಲಕ್ಕೂ ನಡುವೆ ಇರುವ ಅಂತರ ಸುಮಾರು 160 ಮಿಲಿಮೀಟರ್ ಎಂದೆ. ಅವಳು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ಜಾಕಿಗೂ ಸ್ಟ್ಯಾಂಡಿಗೂ ಸೇರಿ ಆರು ಕಿಲೋ ಪೇಢೆಯನ್ನು ಮರುಮಾತಿಲ್ಲದೆ ಮಂಜೂರು ಮಾಡಿದಳು.

ಮುಂದಿನ ಅನುದಾನಕ್ಕೆ ಇಷ್ಟು ಸುಲಭವಾಗಿ ಒಪ್ಪಿಗೆ ಸಿಗಲಿಲ್ಲ. ಹಳೆ ಆಯಿಲ್ ಹಿಡಿಯಲು ಅಗಲ ಬಾಯಿಯ, ತಗ್ಗು ಎತ್ತರದ ಪಾತ್ರೆ ಬೇಕು. ಅಡುಗೆಮನೆಯಲ್ಲಿ ಅಂಥದ್ದು ಒಂದಿದೆ.

"ಅದು ರೊಟ್ಟಿ ಹಿಟ್ಟು ನಾದೋ ಪರಾತ ಐತಿ. ಅದರ ಕಡೆ ನೋಡಲೂಬ್ಯಾಡ್ರಿ."

"ತೊಳದು ಕೊಡ್ತೀನಿ."

"ಆಮ್ಯಾಲ ರೊಟ್ಟೀನೂ ನೀವ ತಿನ್ರಿ, ಒಬ್ಬರ."

ಅಷ್ಟು ಹೇಳಿ, ಐದು ಲೀಟರಿನ ಖಾಲಿ ಅಡುಗೆ ಎಣ್ಣೆ ಕ್ಯಾನನ್ನು ಅಡ್ಡ ಮಲಗಿಸಿ, ಮೇಲಿನ ಮಗ್ಗುಲನ್ನು ಕತ್ತರಿಯಿಂದ ಕತ್ತರಿಸಿ ಕೈಗಿತ್ತಳು. ಹಿಡಿಕೆ ಇದೆ, ಸುರಿಯಲು ಬಾಯಿಯಿದೆ, ಅದಕ್ಕೆ ಮುಚ್ಚಳವೂ ಇದೆ. ಪೇಟೆಯಲ್ಲಿ ಡ್ರೇನ್ ಪ್ಯಾನ್ ಎಂದು ಮಾರುವ ವಸ್ತು ಇದಕ್ಕಿಂತ ಹೆಚ್ಚಿಗೆ ಏನೂ ಮಾಡುವುದಿಲ್ಲ. ನೀರಿನ ಬಾಟಲಿಯ ಮೇಲರ್ಧ ಕತ್ತರಿಸಿ ಲಾಳಿಕೆಯನ್ನೂ ಮಾಡಿಕೊಟ್ಟಳು. ಇಡೀ ಯೋಜನೆಯಲ್ಲಿ ಖರ್ಚಿಲ್ಲದ ಈ ಎರಡು ಸಲಕರಣೆಗಳ ಹೆಸರನ್ನು ಯಾರ ಮುಂದೆಯೂ ಎತ್ತದಿರುವುದು ಲೇಸೆಂದು ನಾನು ತೀರ್ಮಾನಿಸಿದೆ.

ಅಷ್ಟರಲ್ಲಿ ನವಲಗುಂದದ ಕಡೆಯಿಂದ ಮಾವನವರು ಬಂದರು. ಅಂಗಳದಲ್ಲಿ ಹರಡಿದ ಕಬ್ಬಿಣವನ್ನೆಲ್ಲ ಒಂದು ಸುತ್ತು ಹಾಕಿ ನೋಡಿ, "ಅಳಿಯಂದ್ರ, ಗ್ಯಾರೇಜ್ ತಗೀತೀರೇನು?" ಅಂದರು. ಆಯಿಲ್ ಬದಲಿಸುವುದು ಎಂದೆ. ಅವರ ಕಾಲದಲ್ಲಿ ಬಂಡಿಗೂ ಆಯಿಲ್ ಇತ್ತು, ಕೀಲೆಣ್ಣೆ. ಬಂಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ಜೋತು ಬಿದ್ದಿರುತ್ತಿತ್ತು, ಅದರೊಳಗೆ ಎಣ್ಣೆ, ಹಚ್ಚುವುದಕ್ಕೆ ಒಂದು ಕಡ್ಡಿ. ಕಡಾಣಿ ಕಿತ್ತು, ಗಾಲಿಯನ್ನು ಅಷ್ಟು ಹೊರಗೆ ಸರಿಸಿ, ಅಚ್ಚಿಗೆ ಎಣ್ಣೆ ಬಳಿದು, ಮತ್ತೆ ಕಡಾಣಿ ಬಡಿದರೆ ಬಂಡಿ ತಯಾರು. ಎತ್ತು ಆಗ ಮೇವು ತಿನ್ನುತ್ತಿರುತ್ತಿತ್ತು. "ಅದಕ್ಕೇನೂ ನೂರಾ ಎಂಟು ಸಾಮಾನು ಬೇಕಾಗ್ತಿರಲಿಲ್ಲ" ಅಂದರು. ಅಂದವರೇ ಪೆಟ್ಟಿಗೆಯ ಮುಂದೆ ಕೂತು, ರಾಚೆಟ್ಟನ್ನು ಎತ್ತಿಕೊಂಡು, ಸಂಜೆಯವರೆಗೆ ಟಿಕ್ ಟಿಕ್ ಅನ್ನಿಸುತ್ತ ಇದ್ದರು.

ಹೊಸ ಆಯಿಲಿನ ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದಿತ್ತು. ಫಿಜಿಕ್ಸ್ ಸರ್ ಅದನ್ನು ಓದಿ ಬಹಳ ಖುಷಿಪಟ್ಟರು. 5ಡಬ್ಲ್ಯೂ ಅನ್ನಿಸಿಕೊಳ್ಳಬೇಕಾದರೆ ಅದು ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲೂ ಎಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿರಬೇಕಂತೆ. ಸ್ವೆಟರ್, ಮಫ್ಲರ್, ಮಂಕಿಕ್ಯಾಪ್ ಹಾಕಿಕೊಂಡು ಕೆಲಗೇರಿ ಕೆರೆಗೆ ವಾಕಿಂಗ್ ಹೋಗುವ ಧಾರವಾಡದ ಹಿರಿಯರಿಗೆ, ತಮ್ಮ ಡಿಸೆಂಬರನ್ನು ಒಂದು ಡಬ್ಬಿ ಹೀಗೆ ಲೆಕ್ಕಕ್ಕೇ ಹಿಡಿಯದ್ದು ಸ್ವಲ್ಪ ಅವಮಾನವೆನಿಸಿತು.

ಕೆಲಸದ ದಿನದ ವರ್ಣನೆಗೆ ಹೆಚ್ಚಿನ ಸಾಮಗ್ರಿ ಇಲ್ಲ. ಎಂಜಿನ್ನನ್ನು ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿದೆ. ಬೆಚ್ಚಗಿನ ಆಯಿಲ್ ಬೇಗ ಇಳಿಯುತ್ತದೆ, ಸುಡುವ ಆಯಿಲ್ ಕೈ ಸುಡುತ್ತದೆ. ಹದಿನೇಳರ ರಿಂಗ್ ಪಾನಾ ಹಾಕಿ ಒಂದು ಸಲ ಎಳೆದೆ, ಬೋಲ್ಟ್ ಸಡಿಲಿತು. ಅಷ್ಟೋತ್ತರ ಪೆಟ್ಟಿಗೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಇಷ್ಟೂ ಸಲಹೆಗಾರರಲ್ಲಿ ಒಬ್ಬರೂ ಎತ್ತದೆ ಹೋದ, ಆದರೆ ಅಂಗಡಿಯ ಹುಡುಗ ತಾನಾಗಿಯೇ ಬಿಲ್ಲಿಗೆ ಸೇರಿಸಿದ್ದ ಒಂದು ವಸ್ತು ಆ ದಿನ ಮಾನ ಕಾಯಿತು: ಬೋಲ್ಟಿನ ಹೊಸ ವಾಶರ್. ಹಳೆಯದು ಒಮ್ಮೆ ಒತ್ತಿಸಿಕೊಂಡು ಚಪ್ಪಟೆಯಾದ ಮೇಲೆ ಮತ್ತೆ ಅಷ್ಟೇ ನಿಯತ್ತಿನಿಂದ ಕೂರುವ ಖಾತ್ರಿ ಇಲ್ಲ. ಅಂಗಳದಲ್ಲಿ ಹನಿ ಹನಿ ರಂಗೋಲಿ ಬೀಳುತ್ತದೆ. ಸಾಮಾನಿನ ಯಾದಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದು, ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಬೇಕಾದದ್ದೂ ಅದೇ. ಖಾಲಿ ಡಬ್ಬಿಗೆ ತೂತು ಹಾಕಿ ಒಗೆಯುವುದನ್ನೂ ಮರೆಯಬಾರದು. ಇಲ್ಲದಿದ್ದರೆ ಅದರಲ್ಲಿ ಮತ್ತಾರೋ ನಕಲಿ ಆಯಿಲ್ ತುಂಬಿ, ಮತ್ತೆ ನಮಗೇ ಮಾರುತ್ತಾರೆ.

ಹೊಸ ಆಯಿಲ್ ಒಳಗೆ ಹೋಯಿತು. ಹಳೆ ಆಯಿಲ್ ಎಲ್ಲಿಗೆ? ಅದಕ್ಕೆ ಬಂದ ಬೇಡಿಕೆ ನೋಡಿ ನಾನು ದಂಗಾದೆ. ಮನೆ ಕಟ್ಟಿಸುತ್ತಿರುವವರಿಗೆ ಸೆಂಟ್ರಿಂಗ್ ಶೀಟಿಗೆ ಬಳಿಯಲು ಬೇಕು. ಬ್ಯಾಂಕಿನವರಿಗೆ ಹಿತ್ತಲ ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಹಚ್ಚಲು ಬೇಕು. ಮಾವನವರಿಗೆ ಯಾತಕ್ಕೆ ಎಂದು ಗೊತ್ತಿಲ್ಲ, ಆದರೆ ಬೇಕು. ಫಿಜಿಕ್ಸ್ ಸರ್ ಮಾತ್ರ ಕಾನೂನು ತೆಗೆದರು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. ಗಟಾರಕ್ಕೆ ಸುರಿಯುವಂತಿಲ್ಲ, ಮಣ್ಣಿಗೆ ಸುರಿಯುವಂತಿಲ್ಲ. ಅಧಿಕೃತವಾಗಿ ಸಂಸ್ಕರಿಸುವವರಿಗೆ ಹೋಗಬೇಕು. ಅವರಲ್ಲಿಗೆ ಹೋಗುವ ದಾರಿ ಗ್ಯಾರೇಜಿನ ಡ್ರಮ್ಮು.

ಹೀಗಾಗಿ, ಗ್ಯಾರೇಜಿಗೆ ಹೋಗುವುದನ್ನು ತಪ್ಪಿಸಲಿಕ್ಕೆಂದು ಇಷ್ಟೆಲ್ಲ ಮಾಡಿದವನು, ಕ್ಯಾನನ್ನು ಡಿಕ್ಕಿಯಲ್ಲಿಟ್ಟುಕೊಂಡು, ಅದೇ ಗಾಡಿಯನ್ನು ಓಡಿಸಿಕೊಂಡು ನೆಟ್ಟಗೆ ಗ್ಯಾರೇಜಿಗೇ ಹೋದೆ. ಮಿಸ್ತ್ರಿ ಕ್ಯಾನು ನೋಡಿದ, ಗಾಡಿ ನೋಡಿದ, ನನ್ನ ಅಂಗಿಯ ಕಲೆ ನೋಡಿದ. "ಆಯಿಲ್ ತರೋ ಬದಲಿ ಗಾಡೀನ ತಂದಿದ್ರ ಆಗ್ತಿತ್ತಲ್ರಿ ಸರ" ಅಂದ. ಗಾಡಿಯನ್ನೂ ತಂದಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಮನೆಯಲ್ಲಿ ಲೆಕ್ಕಪರಿಶೋಧನೆ ನಡೆಯಿತು. ಪೆಟ್ಟಿಗೆಗೆ ಹತ್ತು, ಜಾಕ್-ಸ್ಟ್ಯಾಂಡಿಗೆ ಆರು, ಚಿಲ್ಲರೆ ಸಾಮಾನಿಗೆ ಒಂದು. ಒಟ್ಟು ಹದಿನೇಳು ಕಿಲೋ ಪೇಢೆ. ಬೋಲ್ಟಿನ ಅಳತೆಯೂ ಹದಿನೇಳೇ, ಇದು ಶುಭಸೂಚನೆ ಎಂದೆ. ವರ್ಷಕ್ಕೆ ಒಂದು ಕಿಲೋದಂತೆ ಹದಿನೇಳು ವರ್ಷದಲ್ಲಿ ಬಂಡವಾಳ ವಾಪಸ್. ಗಾಡಿಯ ನೋಂದಣಿ ಇರುವುದೇ ಹದಿನೈದು ವರ್ಷಕ್ಕೆ, ಅದರಲ್ಲಿ ಎಂಟು ಮುಗಿದಿವೆ ಎಂದು ಅವಳು ನೆನಪಿಸಿದಳು. ಅಂದರೆ ಉಳಿದ ಪೇಢೆಯನ್ನು ಮುಂದಿನ ಗಾಡಿಯಿಂದ ವಸೂಲು ಮಾಡಬೇಕು.

ಆ ಗಾಡಿಯನ್ನು ಸುಮ್ಮನೆ ನೋಡಿ ಬರೋಣ ಎಂದು ಗೋಕುಲ ರೋಡಿನ ಒಂದು ಶೋರೂಮಿಗೆ ಹೋದೆವು. ಸೇಲ್ಸ್ ಹುಡುಗ ಸನ್‌ರೂಫ್ ತೆರೆದು ಆಕಾಶ ತೋರಿಸುತ್ತಿದ್ದ. ನಾನು ಮೊಣಕಾಲೂರಿ ಚೇಂಬರ್ ಬೋಲ್ಟ್ ಹುಡುಕುತ್ತಿದ್ದೆ. ಎಷ್ಟು ಹುಡುಕಿದರೂ ಕಾಣಲಿಲ್ಲ. "ಸರ, ಇದು ಎಲೆಕ್ಟ್ರಿಕ್ ಐತ್ರಿ. ಎಂಜಿನ್ ಆಯಿಲ್ ಅನ್ನೋದ ಇಲ್ಲ" ಅಂದ ಹುಡುಗ. ಮನೆಯವಳ ಮುಖ ಅರಳಿತು. "ಇದನ್ನ ತಗೊಳ್ಳೋಣಲ್ರಿ?" ಅಂದಳು. ನಾನು ಮೊಣಕಾಲಿನ ಧೂಳು ಝಾಡಿಸಿಕೊಂಡು ಅವಳನ್ನು ಪೆಟ್ರೋಲ್ ಗಾಡಿಗಳ ಸಾಲಿಗೆ ಕರೆದೊಯ್ದೆ. ಮನೆಯಲ್ಲಿ ನೂರಾ ಎಂಟು ಪಾನಾ ಇಟ್ಟುಕೊಂಡು ಬಿಚ್ಚಲು ಒಂದು ಬೋಲ್ಟೂ ಇಲ್ಲದ ಗಾಡಿ ಕೊಂಡರೆ, ಓಣಿಯಲ್ಲಿ ನಾಲ್ಕು ಮಂದಿ ಏನೆಂದಾರು?