ಗೋಡೆ ಮೇಲಿನ ವರುಣ

ಹಿಂದೆ ಗಡಿಯಾರಕ್ಕೆ ಒಂದೇ ಕೆಲಸ, ಗಂಟೆ ಹೇಳುವುದು. ಈಗಿನ ಡಿಜಿಟಲ್ ಸುಂದರಿ ಕೋಣೆಯ ಸೆಕೆ, ಗಾಳಿಯ ತೇವ, ಚಂದ್ರನ ಕಲೆ ಎಲ್ಲ ಹೇಳಿ, ಮೂಲೆಯಲ್ಲೊಂದು ಪುಟ್ಟ ಮೋಡವನ್ನೂ ತೋರಿಸುತ್ತಾಳೆ. ಪಕ್ಕದ ಮನೆ ರಾಯರಿಗೆ ಅಂಥದೊಂದನ್ನು ಅಳಿಯ ಜರ್ಮನಿಯಿಂದ ತಂದುಕೊಟ್ಟಿದ್ದಾರೆ. ಅಲ್ಲಿದ್ದಾಗ ಅದು ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗೆನ್‌ನ ರೇಡಿಯೊ ಸಂಕೇತ ಹಿಡಿದು ಸೆಕೆಂಡೂ ತಪ್ಪದೆ ನಡೆಯುತ್ತಿತ್ತಂತೆ. ಆ ಸಂಕೇತದ ಓಟ ಸುಮಾರು 2000 ಕಿಲೋಮೀಟರ್. ಬೆಂಗಳೂರೆಲ್ಲಿ, ಅದೆಲ್ಲಿ! ಪಾಪ, ರಾತ್ರಿಯೆಲ್ಲ ತೆರೆಯಲ್ಲಿ ಆಂಟೆನಾ ಚಿಹ್ನೆ ಮಿನುಗಿಸುತ್ತ ತವರಿನ ಕರೆಗೆ ಕಾಯುತ್ತದೆ.

ಮಳೆಯದು ಇನ್ನೂ ಮಜಾ. ಈ ಪೆಟ್ಟಿಗೆ ಆಕಾಶ ನೋಡುವುದೇ ಇಲ್ಲ, ಗಾಳಿಯ ಒತ್ತಡ ಅಳೆಯುತ್ತದೆ. ಇಳಿದರೆ ಮೋಡ, ಏರಿದರೆ ಸೂರ್ಯ. ಯುರೋಪಿಗೆ ಈ ಲೆಕ್ಕ ತಕ್ಕಮಟ್ಟಿಗೆ ಸರಿ. ನಮ್ಮ ಕಡೆ ಮಳೆ ಇರಲಿ ಬಿಡಲಿ, ಒತ್ತಡ ದಿನವೂ ಬೆಳಿಗ್ಗೆ 10ರ ಸುಮಾರಿಗೆ ಏರಿ ಸಂಜೆ 4ರ ಹೊತ್ತಿಗೆ ಇಳಿಯುತ್ತದೆ. ಹಾಗಾಗಿ ರಾಯರ ಮನೆಯಲ್ಲಿ ತಿಂಡಿಗೆ ಬಿಸಿಲು, ಸಂಜೆಯ ಕಾಫಿಗೆ ಮೋಡ. ಸಾಲದ್ದಕ್ಕೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ. ಈ ಸಂಗತಿ ಯಂತ್ರದ ಕಿವಿಗೆ ಹಾಕದಿದ್ದರೆ, ಇಲ್ಲಿನ 910 ಹೆಕ್ಟೊಪಾಸ್ಕಲ್ ಕಂಡು ಚಂಡಮಾರುತವೇ ಗೇಟಿಗೆ ಬಂದು ನಿಂತಿದೆ ಎಂದು ಬೆಚ್ಚಿಬೀಳುತ್ತದೆ.

"ಇದರ ಮಾತು ನಂಬಬಹುದೇ ಅಮ್ಮಾ?" ಎಂದು ರಾಯರ ಮನೆಯವರನ್ನು ಕೇಳಿದೆ.

"ಅಳಿಯಂದ್ರು ತಂದಿದ್ದು, ಸುಳ್ಳು ಹೇಳುತ್ತೇನ್ರೀ?" ಎಂದು ಗದರಿದವರು, ತೆರೆಯ ಮೇಲೆ ಭರ್ಜರಿ ಮಳೆ ಸುರಿಯುತ್ತಿರುವಾಗಲೇ ಸಂಡಿಗೆ ಹಿಟ್ಟಿನ ಪಾತ್ರೆ ಎತ್ತಿಕೊಂಡು ತಾರಸಿಗೆ ಹೊರಟರು.