ಮಾರ್ನೆಮಿಯ ಮರಿಹುಲಿಗಳು

ದಸರಾ ರಜೆಯು ಮಕ್ಕಳ ವಿಶ್ರಾಂತಿಗಾಗಿ ಏರ್ಪಟ್ಟುದೆಂದು ವಿದ್ಯಾ ಇಲಾಖೆಯವರು ಭಾವಿಸಿರಬಹುದಾದರೂ, ಉಡುಪಿಯ ಗೃಹಸ್ಥರ ಅನುಭವವು ತದ್ವಿರುದ್ಧವಾದುದು. ಮಾರ್ನೆಮಿಯ, ಎಂದರೆ ನವರಾತ್ರಿಯ, ಹುಲಿವೇಷದವರು ತಾಸೆಯ ಬಡಿತಕ್ಕೆ ಕುಣಿದು, ಕಾಣಿಕೆ ಪಡೆದು, ಮುಂದಿನ ಮನೆಗೆ ತೆರಳುವರು. ನಮ್ಮ ಮನೆಯ ಮರಿಹುಲಿಗಳ ಆರ್ಭಟವಾದರೋ ಆಗಲೇ ಆರಂಭ. ವೇಷದ ಹುಲಿಗಳು ಅಕ್ಕಿಮುಡಿಯನ್ನು ಹಲ್ಲಿನಿಂದೆತ್ತಿ ಹಿಂದಕ್ಕೆಸೆಯುವ ಸಾಹಸವನ್ನು ಕಂಡು ಬಂದ ಕಿರಿಯವನು ಅಜ್ಜಿಯ ತಲೆದಿಂಬನ್ನು ಕಚ್ಚಿ ಎಸೆದುದರಿಂದ, ದೇವರ ಕೋಣೆಯವರೆಗೂ ಹತ್ತಿ ಹಾರಾಡಿತು. ಈ ಉತ್ಸಾಹವನ್ನು ಶಮನಗೊಳಿಸಲೆಂದು ಅವನನ್ನು ಕಾರ್ಕಳಕ್ಕೊಯ್ದು, 1432ರಿಂದಲೂ ಅಲುಗದೆ ನಿಂತಿರುವ 42 ಅಡಿಯ ಗೊಮ್ಮಟನನ್ನು ತೋರಿಸಿ, "ನೋಡು ಮಾಣಿ, ಎಷ್ಟು ಸುಮ್ಮನಿದ್ದಾನೆ!" ಎಂದೆ.

"ಅವನಿಗೆ ರಜೆ ಸಿಕ್ಕಿಲ್ಲ, ಅಪ್ಪ" ಎಂದನು ಮಗರಾಯ.

ಅಧ್ಯಾಪಕರ ಸಂಬಳವನ್ನು ಹೆಚ್ಚಿಸಬೇಕೆಂಬ ಅರ್ಜಿ ಯಾರಲ್ಲಾದರೂ ಇದ್ದರೆ ದಯವಿಟ್ಟು ಶಾಲೆ ತೆರೆಯುವುದರೊಳಗೆ ತನ್ನಿರಿ. ಸಮಸ್ತ ತಂದೆತಾಯಿಗಳೂ ರುಜು ಹಾಕುವರು.