ಭಾವನ ಕಾರ್ವೆಟ್ ಏಳುವುದು

ಡಲ್ಲಾಸಿನಲ್ಲಿರುವ ನಮ್ಮ ಭಾವನ ಹತ್ತಿರ 2004ರ ಕಾರ್ವೆಟ್ ಕಾರು ಇದೆ. ಅದರ ಹೊಟ್ಟೆ ನೆಲಕ್ಕೆಷ್ಟು ಹತ್ತಿರವೆಂದರೆ, ಸಾಮಾನ್ಯ ಟ್ರಾಲಿ ಜಾಕಿಗೆ ಒಳಗೆ ಪ್ರವೇಶವೇ ಇಲ್ಲ. ಮೊದಲು ಚಕ್ರಗಳನ್ನು ಮರದ ಹಲಗೆಗಳ ಮೇಲೆ ಹತ್ತಿಸಬೇಕು. ಅಂದರೆ, ಕಾರನ್ನು ಎತ್ತುವುದಕ್ಕಾಗಿ ಕಾರನ್ನು ಎತ್ತಬೇಕು! ಕಂಪನಿಯವರು ಸ್ಟೆಪ್ನಿಯನ್ನೂ ಕೊಟ್ಟಿಲ್ಲ, ಜಾಕಿಯನ್ನೂ ಕೊಟ್ಟಿಲ್ಲ. ಗಾಳಿ ಹೋದರೂ ಒಂದಿಷ್ಟು ದೂರ ಓಡುವ ಟೈರು ಕೊಟ್ಟು ಕೈತೊಳೆದುಕೊಂಡಿದ್ದಾರೆ.

ಜಾಕಿಯನ್ನು ಎಲ್ಲೆಂದರಲ್ಲಿ ಕೊಡುವಂತೆಯೂ ಇಲ್ಲ. ಮೈಯೆಲ್ಲ ಫೈಬರ್, ಅಂಚಿಗೆ ಕೊಟ್ಟರೆ ಹಪ್ಪಳದ ಹಾಗೆ ಲಟಕ್ಕೆನ್ನುತ್ತದೆ. ಚಾಸಿಯ ಉದ್ದಪಟ್ಟಿಯಲ್ಲಿ ನಾಲ್ಕು ಕಂಡಿಗಳಿವೆ. ಅವಕ್ಕೆ ಬಿಲ್ಲೆ ಸಿಕ್ಕಿಸಿ ಅಲ್ಲಿಗೇ ಜಾಕಿ ಹಿಡಿಯಬೇಕು. ಅನೇಕರು ಐಸ್ ಹಾಕಿಯ ರಬ್ಬರ್ ಬಿಲ್ಲೆಯಿಂದಲೇ ಇದನ್ನು ಮಾಡಿಕೊಳ್ಳುತ್ತಾರೆ. 3 ಇಂಚು ಅಗಲ, 1 ಇಂಚು ದಪ್ಪ. ಹಾಕಿ ಕೋಲು ಮುಟ್ಟದ ಭಾವನ ಬಳಿಯೂ ನಾಲ್ಕಿವೆ.

ಕಾರು ಎದ್ದ ಮೇಲೆ ಭಾವನ ಶಿಸ್ತು ನೋಡಬೇಕು. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದು ಸ್ಟ್ಯಾಂಡಿನ ಕೆಲಸ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನಷ್ಟೇ. ಹಿಂಭಾಗ ಎತ್ತಿದರೆ ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಡಲೇಬೇಕು. ಆಮೇಲೆ ಕಾರನ್ನು ಚೆನ್ನಾಗಿ ಅಲುಗಾಡಿಸಿ, ಮಿಸುಕಲಿಲ್ಲ ಅಂತಾದರೆ ಮಾತ್ರ ಅಡಿಗೆ ತಲೆ.

ಮಗಳ ಮನೆಗೆ ಹೋಗಿರುವ ನಮ್ಮಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರಂತೆ.

“ಅಳಿಯಂದ್ರೇ, ಇನ್ನು ಇಳಿಸಬೇಡಿ, ಹೀಗೇ ಇರಲಿ. ನನ್ನ ಮಂಡಿಗೆ ಹತ್ತೋಕೆ ಈ ಎತ್ತರವೇ ಸರಿ.”